ಲೇಸರ್ ಆದಮೇಲೂ ಬಿಡದ ಕಣ್ಣುನೋವು, ತಡೆಯಲಾಗದ ಬೆಳಕು: ಯಾರಿಗೆ ಯಾವ ದಾರಿ?

ಲೇಸರ್ ಮಾಡಿಸಿಕೊಂಡವರಲ್ಲಿ ಹೆಚ್ಚಿನವರು ಕನ್ನಡಕ ಎತ್ತಿಟ್ಟು ಆರಾಮಾಗಿರುತ್ತಾರೆ. ಈ ಬರಹ ಉಳಿದವರಿಗೆ. ಅವರು ಚಾರ್ಟಿನ ಕೊನೇ ಸಾಲನ್ನೂ ತಡವರಿಸದೆ ಓದುತ್ತಾರೆ. ಡಾಕ್ಟರು ‘ಎಲ್ಲ ಚೆನ್ನಾಗಿದೆ’ ಅನ್ನುತ್ತಾರೆ. ಆದರೆ ಹೊರಗೆ ಕಾಲಿಟ್ಟರೆ ಬಿಸಿಲಿಗೆ ಕಣ್ಣು ಬಿಡಲು ಆಗುವುದಿಲ್ಲ. ತಿಂಗಳುಗಳು ಕಳೆದರೂ ಅದೇ ಉರಿ, ಅದೇ ಚುಚ್ಚು, ಹುಬ್ಬಿನ ಹಿಂದೆ ಅದೇ ಎಳೆತ. ಟ್ಯೂಬ್‌ಲೈಟ್ ಹಾಕಿದರೆ ಮುಖ ತಿರುಗಿಸಿಕೊಳ್ಳಬೇಕು. ಮನೆಯವರಿಗೂ ಇದು ಬೇಗ ಅರ್ಥವಾಗುವುದಿಲ್ಲ. ಕಣ್ಣು ನೋಡೋಕೆ ಚೆನ್ನಾಗೇ ಇದೆಯಲ್ಲ!

ಕಣ್ಣಿನ ಮೇಲಿನ ಪದರ ಕತ್ತರಿಸಿ ಎತ್ತಿ ಮಾಡುವ ಲೇಸರಿಗೆ ಲೇಸಿಕ್ ಎನ್ನುತ್ತಾರೆ. ಅದು ಆದವರ ಅನುಭವವನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಧ್ಯಯನ ಮಾಡಿಸಿತ್ತು. ಮೊದಲು ಕಣ್ಣು ಒಣಗುವ ತೊಂದರೆಯೇ ಇಲ್ಲದಿದ್ದವರಲ್ಲಿ ಶೇ. 30ರವರೆಗೆ ಜನ ಮೂರು ತಿಂಗಳ ಹೊತ್ತಿಗೆ ಆ ತೊಂದರೆ ಹೇಳಿಕೊಂಡಿದ್ದರು. ಇವರಲ್ಲಿ ಹೆಚ್ಚಿನವರಿಗೆ ಆರು ತಿಂಗಳಿಂದ ಒಂದು ವರ್ಷದೊಳಗೆ ಕಡಿಮೆಯಾಗುತ್ತದೆ. ಕೆಲವರಿಗೆ ಮಾತ್ರ ಆಗುವುದಿಲ್ಲ.

ಆ ಕೆಲವರ ಮುಂದೆ ಆಯ್ಕೆಗಳಿಗೆ ಬರವಿಲ್ಲ. ಹತ್ತಾರು ಬಗೆಯ ಡ್ರಾಪ್ಸ್, ಸ್ಟೆರಾಯ್ಡ್, ಸೀರಮ್, ದೊಡ್ಡ ಲೆನ್ಸ್, ನರದ ಮಾತ್ರೆ, ಬಣ್ಣದ ಕನ್ನಡಕ. ಒಬ್ಬರಿಗೆ ವರವಾದದ್ದು ಇನ್ನೊಬ್ಬರಿಗೆ ಏನೂ ಮಾಡುವುದಿಲ್ಲ. ನನ್ನ ಪ್ರಕಾರ ‘ಯಾವ ಮದುವೆಗೆ ಯಾವ ಒಡವೆ’ ಎಂಬಂತೆ ಎಲ್ಲವನ್ನೂ ಒಂದೊಂದು ದಿನ ಹಾಕಿ ನೋಡುವುದರಲ್ಲಿ ಅರ್ಥವಿಲ್ಲ. ನೋವು ಎಲ್ಲಿಂದ ಹುಟ್ಟುತ್ತಿದೆ ಎಂದು ಗೊತ್ತಾದರೆ ಅರ್ಧ ಪಟ್ಟಿ ತಾನಾಗೇ ಉದುರಿಹೋಗುತ್ತದೆ. ಹಾಗಾಗಿ ಮೊದಲು ಅದು, ಆಮೇಲೆ ಹೋಲಿಕೆ.

ಹೋಲಿಸುತ್ತಾ ಕೂರಬಾರದ ಹೊತ್ತು

ನೋವು ಏಕಾಏಕಿ ಜಾಸ್ತಿಯಾದರೆ, ಕಣ್ಣು ಕೆಂಪಾಗಿ ದೃಷ್ಟಿ ಮಂಜಾದರೆ, ಗೀಜು ಸುರಿಯತೊಡಗಿದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಲೇಸಿಕ್ ಆದವರ ಕಣ್ಣಿಗೆ ಪೆಟ್ಟು ಬಿದ್ದರೂ ಅಷ್ಟೇ. ಕತ್ತರಿಸಿ ಮುಚ್ಚಿದ ಪದರ ವರ್ಷಗಳ ನಂತರವೂ ಜಾರಬಹುದು. ಆಪರೇಷನ್ ಆದ ಮೊದಲ ವಾರದ ನೋವಂತೂ ಈ ಬರಹದ ವಿಷಯವೇ ಅಲ್ಲ. ಸೋಂಕು, ಪದರದ ಕೆಳಗಿನ ಉರಿಯೂತ ಎಲ್ಲ ಆಗಲೇ ಕಾಣಿಸಿಕೊಳ್ಳುವುದು. ಅವಕ್ಕೆ ಗಂಟೆಗಳ ಲೆಕ್ಕ.

ನೋವು ಎಲ್ಲಿಂದ?

ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪ ಇರುತ್ತದೆ, ಅಷ್ಟೇ. ದೇಹದಲ್ಲಿ ಅತಿ ಒತ್ತಾಗಿ ನರಗಳಿರುವ ಜಾಗಗಳಲ್ಲಿ ಅದೂ ಒಂದು. ಈ ನರಗಳು ಬರುವುದು ಟ್ರೈಜೆಮಿನಲ್ ನರದಿಂದ. ಹಣೆ, ಕೆನ್ನೆ, ಹಲ್ಲಿನ ನೋವನ್ನು ಮಿದುಳಿಗೆ ಒಯ್ಯುವುದೂ ಅದೇ. ಕಣ್ಣಿನ ನೋವು ಹುಬ್ಬಿಗೆ, ಕಪಾಲಕ್ಕೆ ಹರಡುವುದು ಇದಕ್ಕೇ.

ಲೇಸಿಕ್‌ನಲ್ಲಿ ಮೇಲಿನ ಪದರವನ್ನು ಒಂದು ಬದಿ ಬಿಟ್ಟು ಸುತ್ತಲೂ ಕತ್ತರಿಸಿ ಎತ್ತುತ್ತಾರೆ. ಆಗ ಆ ದಾರಿಯ ನರಗಳೂ ತುಂಡಾಗುತ್ತವೆ. ಪಿಆರ್‌ಕೆ ಎಂಬ ಇನ್ನೊಂದು ಬಗೆಯ ಲೇಸರಿನಲ್ಲಿ ಪದರ ಕತ್ತರಿಸುವುದಿಲ್ಲ, ಮೇಲ್ಚರ್ಮ ತೆಗೆದು ಅಲ್ಲೇ ಲೇಸರ್ ಬಿಡುತ್ತಾರೆ. ಸ್ಮೈಲ್ ಎಂಬ ಮೂರನೇ ಬಗೆಯಲ್ಲಿ ಸೀಳು ಚಿಕ್ಕದು, ತುಂಡಾಗುವ ನರಗಳೂ ಕಡಿಮೆ. ಹಾಗಂತ ಮೂರರಲ್ಲಿ ಯಾವುದಾದ ಮೇಲೂ ದೀರ್ಘಕಾಲದ ನೋವು ಬರಲ್ಲ ಅನ್ನುವಂತಿಲ್ಲ. ನರಗಳು ಮತ್ತೆ ಬೆಳೆಯುತ್ತವೆ. ಅದಕ್ಕೆ ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಬೆಳೆದದ್ದೆಲ್ಲ ಮೊದಲಿನಂತೆ ನೆಟ್ಟಗಿರುತ್ತದೆ ಅನ್ನೋ ಗ್ಯಾರಂಟಿಯೂ ಇಲ್ಲ.

ಈಗ ನಿಮ್ಮ ನೋವಿನ ಗುಣ ನೋಡಿ. ಸಂಜೆಯಾದಂತೆ ಜಾಸ್ತಿ, ಫ್ಯಾನ್ ಕೆಳಗೆ ಜಾಸ್ತಿ, ಸ್ಕ್ರೀನ್ ನೋಡಿದರೆ ಜಾಸ್ತಿ, ಡ್ರಾಪ್ಸ್ ಹಾಕಿದರೆ ಸ್ವಲ್ಪ ಹೊತ್ತು ಹಾಯ್ ಅನ್ನಿಸುತ್ತದೆ: ಇದು ಮೇಲ್ಮೈಯ ನೋವು. ಕಣ್ಣೀರು ಕಡಿಮೆ ಇರಬಹುದು, ಅಥವಾ ಬಂದ ಕಣ್ಣೀರು ನಿಲ್ಲದೆ ಆರಿಹೋಗುತ್ತಿರಬಹುದು. ಬಣ್ಣದ ಹನಿ ಹಾಕಿ ನೀಲಿ ದೀಪದಲ್ಲಿ ನೋಡಿದರೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ರೆಪ್ಪೆ ಬಡಿಯದೆ ಇದ್ದರೆ ಕಣ್ಣೀರಿನ ಪೊರೆ ಹತ್ತು ಸೆಕೆಂಡೂ ತಾಳದೆ ಒಡೆಯುತ್ತದೆ.

ನಿದ್ದೆಯಲ್ಲಿ, ಇಲ್ಲವೇ ಬೆಳಗ್ಗೆ ಕಣ್ಣು ತೆರೆದ ಕ್ಷಣಕ್ಕೆ, ಬ್ಲೇಡು ಎಳೆದಂತೆ ನೋವು ಬಂದು ಆಮೇಲೆ ಇಳಿಯುತ್ತದೆಯೇ? ಅದು ಬೇರೆ. ಕಾರ್ನಿಯಾದ ಮೇಲ್ಚರ್ಮ ಸರಿಯಾಗಿ ಅಂಟಿಕೊಳ್ಳದೆ ರೆಪ್ಪೆಯ ಜೊತೆ ಕಿತ್ತು ಬರುತ್ತಿರಬಹುದು. ಮಲಗುವಾಗ ಹಚ್ಚುವ ಮುಲಾಮು, ಉಪ್ಪಿನಂಶದ ವಿಶೇಷ ಮುಲಾಮು, ಗಾಯದ ಮೇಲೆ ಮುಚ್ಚಳದಂತೆ ಕೂರುವ ಬ್ಯಾಂಡೇಜ್ ಲೆನ್ಸ್ ಇದರ ಚಿಕಿತ್ಸೆ. ಡಾಕ್ಟರ ಹತ್ತಿರ ‘ಬೆಳಗ್ಗೆ ಏಳುವಾಗ’ ಅನ್ನೋ ಮಾತನ್ನು ಬಿಡದೆ ಹೇಳಿ. ಮಧ್ಯಾಹ್ನ ಪರೀಕ್ಷೆ ಮಾಡಿದಾಗ ಗಾಯ ಆಗಲೇ ಮುಚ್ಚಿಹೋಗಿ ಏನೂ ಕಾಣದೆ ಇರಬಹುದು.

ಓದುವಾಗ ಮಾತ್ರ ಕಣ್ಣಿನ ಸುತ್ತ ಭಾರ, ಒಂದು ಕಣ್ಣು ಮುಚ್ಚಿಕೊಂಡರೆ ಹಗುರ ಅನ್ನಿಸಿದರೆ ಪವರ್‌ನಲ್ಲಿ ವ್ಯತ್ಯಾಸ ಉಳಿದಿರಬಹುದು. ಎರಡು ಕಣ್ಣು ಒಟ್ಟಾಗಿ ಕೆಲಸ ಮಾಡುವುದರಲ್ಲಿ ತೊಡಕಿರಬಹುದು. ಇದಕ್ಕೆ ಎಷ್ಟು ಹನಿ ಸುರಿದರೂ ಪ್ರಯೋಜನವಿಲ್ಲ. ಕೆಲವೊಮ್ಮೆ ಒಂದು ಸಣ್ಣ ಪವರಿನ ಕನ್ನಡಕ ಸಾಕು. ಕನ್ನಡಕ ಬಿಡಬೇಕೆಂದೇ ಲೇಸರ್ ಮಾಡಿಸಿಕೊಂಡವರಿಗೆ ಇದು ಕೇಳಲು ಕಹಿ, ಗೊತ್ತು.

ಇನ್ನೊಂದು ಗುಂಪಿದೆ. ಆಪರೇಷನ್ ಆಗಿ ಕೆಲವು ವಾರ ಚೆನ್ನಾಗಿದ್ದು, ಇದ್ದಕ್ಕಿದ್ದಂತೆ ಬೆಳಕು ಸಹಿಸದಂತಾಗುತ್ತದೆ. ದೃಷ್ಟಿ ಚೆನ್ನಾಗಿದೆ, ಕಣ್ಣೂ ಶಾಂತವಾಗಿದೆ. ಬ್ಲೇಡಿನ ಬದಲು ಫೆಮ್ಟೋಸೆಕೆಂಡ್ ಎಂಬ ಲೇಸರಿನಿಂದ ಪದರ ಕತ್ತರಿಸಿಕೊಂಡವರಲ್ಲಿ ಇದನ್ನು ಗುರುತಿಸಿದ್ದಾರೆ. ‘ಟ್ರಾನ್ಸಿಯೆಂಟ್ ಲೈಟ್ ಸೆನ್ಸಿಟಿವಿಟಿ’ ಎನ್ನುತ್ತಾರೆ, ಹೆಸರಲ್ಲೇ ‘ತಾತ್ಕಾಲಿಕ’ ಎಂದಿದೆ. ಸ್ಟೆರಾಯ್ಡ್ ಹನಿಗೆ ಸಾಮಾನ್ಯವಾಗಿ ಬಗ್ಗುತ್ತದೆ.

ಕೊನೆಯದು ನರದ ನೋವು. ಇಲ್ಲಿಯೇ ಜನ ಕಳೆದುಹೋಗುವುದು. ಕಣ್ಣು ಪರೀಕ್ಷೆಯಲ್ಲಿ ಸ್ವಚ್ಛ. ಬಣ್ಣ ಹಿಡಿಯುವುದಿಲ್ಲ, ಕಣ್ಣೀರು ಸಾಕಷ್ಟಿದೆ. ಆದರೂ ಗಾಳಿ ತಾಗಿದರೆ ನೋವು, ಬೆಳಕು ಬಿದ್ದರೆ ನೋವು, ಡ್ರಾಪ್ಸ್ ಹಾಕಿದರೂ ನೋವು. ಗಾಯವಾದ ನರ ತಪ್ಪು ಸುದ್ದಿ ಕಳಿಸುತ್ತಿದೆ, ಅಥವಾ ಮಿದುಳೇ ಆ ಸುದ್ದಿಯ ವಾಲ್ಯೂಮ್ ಏರಿಸಿಕೊಂಡಿದೆ. ಮೈಗ್ರೇನ್ ಅಥವಾ ಬೇರೆ ದೀರ್ಘಕಾಲದ ನೋವು ಮೊದಲೇ ಇದ್ದವರಲ್ಲಿ ಇದು ಹೆಚ್ಚು. ಇದು ಮನಸ್ಸಿನ ಭ್ರಮೆಯಲ್ಲ. ಕಾನ್‌ಫೋಕಲ್ ಮೈಕ್ರೋಸ್ಕೋಪ್ ಎಂಬ ಉಪಕರಣದಲ್ಲಿ ಕೆಲವರ ಕಾರ್ನಿಯಾದ ನರದ ತುದಿಗಳು ಗಂಟುಕಟ್ಟಿ ಊದಿಕೊಂಡಿರುವುದು ಕಾಣುತ್ತದೆ.

ಒಂದು ಹನಿಯ ಪರೀಕ್ಷೆ

ಇಷ್ಟೆಲ್ಲ ಗೊಂದಲವನ್ನು ಅರ್ಧಕ್ಕೆ ಇಳಿಸುವ ಒಂದು ಪರೀಕ್ಷೆ ಇದೆ, ಐದು ನಿಮಿಷದ್ದು. ಡಾಕ್ಟರು ಕಣ್ಣಿಗೆ ಮರಗಟ್ಟಿಸುವ ಹನಿ ಹಾಕುತ್ತಾರೆ. ಕಣ್ಣಿನ ಒತ್ತಡ ನೋಡುವ ಮುಂಚೆ ಹಾಕುತ್ತಾರಲ್ಲ, ಅದೇ. ಆಮೇಲೆ ‘ಈಗ ನೋವು ಹೇಗಿದೆ?’ ಎಂದು ಕೇಳುತ್ತಾರೆ.

ಪೂರ್ತಿ ಹೋದರೆ ನೋವಿನ ಮೂಲ ಕಣ್ಣಿನ ಮೇಲ್ಮೈಯಲ್ಲಿ, ಅಲ್ಲಿನ ನರದ ತುದಿಯಲ್ಲಿದೆ. ಚೂರೂ ಕದಲದಿದ್ದರೆ ಮೂಲ ಇನ್ನೂ ಒಳಗಿದೆ, ಮಿದುಳಿನ ಕಡೆಗೆ. ಅರ್ಧ ಹೋದರೆ ಎರಡೂ ಸೇರಿದೆ. ಅಷ್ಟೇ. ಆದರೆ ಮುಂದಿನ ಎಲ್ಲ ಆಯ್ಕೆಯೂ ಈ ಉತ್ತರದ ಮೇಲೆ ನಿಂತಿದೆ. ಹನಿ ಹಾಕಿದ ಆ ನಿಮಿಷಗಳಲ್ಲಿ ಸುಮ್ನೆ ಕೂರಬೇಡಿ. ದೀಪದ ಕಡೆ ನೋಡಿ, ಬೆಳಕಿನ ನೋವು ಹೋಯಿತೋ ಉಳಿಯಿತೋ ಗಮನಿಸಿ. ಉರಿ ಹೋಗಿ ಬೆಳಕಿನ ಕಾಟ ಮಾತ್ರ ಉಳಿದರೆ ಅದೂ ಒಂದು ಮುಖ್ಯ ಸುಳಿವು.

ಈ ಹನಿಯನ್ನು ಮನೆಗೆ ಕೊಡಿ ಎಂದು ಕೇಳುವ ಆಸೆ ಯಾರಿಗಾದರೂ ಬರುತ್ತದೆ. ಬೇಡವೇ ಬೇಡ. ಪದೇಪದೇ ಹಾಕಿದರೆ ಕಾರ್ನಿಯಾದ ಗಾಯ ಮಾಯುವುದಿಲ್ಲ, ಕರಗಿ ತೂತಾಗುವ ಮಟ್ಟಕ್ಕೂ ಹೋಗಬಹುದು.

ಡ್ರಾಪ್ಸ್: ಸೀಸೆಯೋ, ಒಂಟಿ ಹನಿ ಕೊಳವೆಯೋ

ಮೇಲ್ಮೈಯ ನೋವಿದ್ದವರು ಶುರುಮಾಡುವುದು ಕೃತಕ ಕಣ್ಣೀರಿನಿಂದ. ಇಲ್ಲಿ ಬ್ರಾಂಡಿಗಿಂತ ಸಂರಕ್ಷಕ ಇದೆಯೋ ಇಲ್ಲವೋ ಎಂಬುದು ದೊಡ್ಡ ವಿಷಯ. ಸೀಸೆಯ ಡ್ರಾಪ್ಸ್ ಕೆಡದಂತೆ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಕಣ್ಣಿನ ಮೇಲ್ಚರ್ಮಕ್ಕೂ ನರಕ್ಕೂ ಒಳ್ಳೆಯದಲ್ಲ. ದಿನಕ್ಕೆ ಒಂದೆರಡು ಸಲ ಆದರೆ ನಡೆಯುತ್ತದೆ. ನಾಲ್ಕಕ್ಕಿಂತ ಜಾಸ್ತಿ ಆದರೆ ಸಂರಕ್ಷಕ ಇಲ್ಲದ್ದೇ ಬೇಕು. ಲೇಬಲ್ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕಣ್ಣು ನೋಯುವವರಿಗೇ ಅಷ್ಟು ಸಣ್ಣ ಅಕ್ಷರ!

ಒಂಟಿ ಹನಿಯ ಪ್ಲಾಸ್ಟಿಕ್ ಕೊಳವೆಯ ತಲೆ ಮುರಿದಾಗ ಅಂಚು ಚೂಪಾಗಿರುತ್ತದೆ. ಮೊದಲ ಹನಿಯನ್ನು ಹೊರಗೆ ಚೆಲ್ಲಿ, ತುದಿ ರೆಪ್ಪೆಗೂ ತಾಗದಂತೆ ಹಾಕಿ. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೇ ಹೋಗುವುದು. ಬೇರೆ ಮದ್ದಿನ ಹನಿಯೂ ಇದ್ದರೆ ನಡುವೆ ಐದು ನಿಮಿಷ ಬಿಡಿ.

ತೆಳು ಹನಿ ಹಗಲಿಗೆ. ಜೆಲ್ ಜಾಸ್ತಿ ಹೊತ್ತು ನಿಲ್ಲುತ್ತದೆ, ಕೆಲವು ನಿಮಿಷ ಮಂಜು. ಮುಲಾಮು ರಾತ್ರಿಗೆ ಮಾತ್ರ. ‘ಕೆಂಪು ತೆಗೆಯುವ’ ಹನಿಗಳ ಹತ್ತಿರ ಹೋಗಬೇಡಿ. ಅವು ರಕ್ತನಾಳ ಬಿಗಿದು ಕಣ್ಣು ಬೆಳ್ಳಗೆ ತೋರಿಸುತ್ತವೆ, ಮದ್ದು ಇಳಿದ ಮೇಲೆ ಕೆಂಪು ಇನ್ನೂ ಜಾಸ್ತಿಯಾಗಬಹುದು.

ಬಿಸಿ ಶಾಖವೋ, ಪ್ಲಗ್ಗೋ

ಕಣ್ಣೀರು ಆರಿಹೋಗುತ್ತಿದೆಯೋ, ಹುಟ್ಟುವುದೇ ಕಡಿಮೆಯೋ? ಎರಡಕ್ಕೂ ‘ಡ್ರೈ ಐ’ ಎಂದೇ ಹೇಳುತ್ತಾರೆ, ಮದ್ದು ಬೇರೆ. ರೆಪ್ಪೆಯ ಅಂಚಿನ ಎಣ್ಣೆ ಗ್ರಂಥಿಗಳು ಕಟ್ಟಿಕೊಂಡರೆ ಕಣ್ಣೀರಿನ ಮೇಲೆ ಎಣ್ಣೆಯ ಪದರ ಇರುವುದಿಲ್ಲ, ಬೇಗ ಆರುತ್ತದೆ. ಇದಕ್ಕೆ ದಿನಾ ಹತ್ತು ನಿಮಿಷ ಬೆಚ್ಚಗಿನ ಶಾಖ. ನೀರಲ್ಲಿ ಅದ್ದಿದ ಬಟ್ಟೆ ಎರಡು ನಿಮಿಷಕ್ಕೇ ತಣ್ಣಗಾಗುತ್ತದೆ. ಮತ್ತೆ ಮತ್ತೆ ಅದ್ದಬೇಕು, ಇಲ್ಲವೇ ಬಿಸಿ ಹಿಡಿದಿಡುವ ಮಾಸ್ಕ್ ಬೇಕು. ಲೇಸರ್ ಆದ ಕಣ್ಣನ್ನು ಒತ್ತಿ ಉಜ್ಜಬಾರದು. ರೆಪ್ಪೆಯ ಅಂಚನ್ನಷ್ಟೇ ಮೆಲ್ಲಗೆ ಸವರಿ.

ಕಣ್ಣೀರೇ ಕಡಿಮೆ ಇದ್ದರೆ ಪಂಕ್ಟಲ್ ಪ್ಲಗ್. ಕಣ್ಣೀರು ಮೂಗಿನ ಕಡೆ ಹರಿದುಹೋಗುವ ಸಣ್ಣ ರಂಧ್ರಕ್ಕೆ ಬಿರಡೆ ಹಾಕಿದ ಹಾಗೆ. ಮೊದಲು ಕರಗುವ ಪ್ಲಗ್ ಹಾಕಿಸಿ ನೋಡುವುದು ಜಾಣತನ. ಹಿಡಿಸದಿದ್ದರೆ ತಾನೇ ಹೋಗುತ್ತದೆ. ಉರಿಯೂತ ಇದ್ದಾಗ ಮೊದಲು ಅದನ್ನು ಇಳಿಸಬೇಕು. ಇಲ್ಲದಿದ್ದರೆ ಉರಿ ತರುವ ಅಂಶಗಳಿರುವ ಕಣ್ಣೀರನ್ನೇ ಕಣ್ಣಲ್ಲಿ ನಿಲ್ಲಿಸಿದಂತೆ.

ಸ್ಟೆರಾಯ್ಡೋ, ಸೈಕ್ಲೋಸ್ಪೋರಿನ್ನೋ

ಎರಡೂ ಉರಿಯೂತ ಇಳಿಸುವ ಹನಿಗಳು. ಸ್ಟೆರಾಯ್ಡ್ ಬೇಗ ಕೆಲಸ ಮಾಡುತ್ತದೆ. ದಿನಗಳಲ್ಲೇ ಗೊತ್ತಾಗುತ್ತದೆ. ಆದರೆ ಜಾಸ್ತಿ ದಿನ ಹಾಕಿದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ಸೈಕ್ಲೋಸ್ಪೋರಿನ್ ನಿಧಾನ. ಪೂರ್ತಿ ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು, ಶುರುವಲ್ಲಿ ಹಾಕಿದಾಗೆಲ್ಲ ಉರಿ ಬೇರೆ. ಎಷ್ಟೋ ಜನ ಮೂರನೇ ವಾರಕ್ಕೇ ‘ಇದು ನಂಗೆ ಆಗಲ್ಲ’ ಎಂದು ಎತ್ತಿಡುತ್ತಾರೆ. ಲಿಫಿಟೆಗ್ರಾಸ್ಟ್ ಇನ್ನೊಂದು ಆಯ್ಕೆ, 2016ರಲ್ಲಿ ಎಫ್‌ಡಿಎ ಒಪ್ಪಿದ್ದು. ಹಾಕಿದ ಮೇಲೆ ಬಾಯಲ್ಲಿ ವಿಚಿತ್ರ ರುಚಿ ಬಂದರೆ ಗಾಬರಿ ಬೇಡ, ಅದು ಗೊತ್ತಿರುವ ಅಡ್ಡ ಪರಿಣಾಮ.

ಅನೇಕ ಡಾಕ್ಟರುಗಳು ಸ್ಟೆರಾಯ್ಡ್, ಸೈಕ್ಲೋಸ್ಪೋರಿನ್ ಎರಡನ್ನೂ ಜೋಡಿಸುತ್ತಾರೆ. ಕೆಲವು ವಾರ ಸ್ಟೆರಾಯ್ಡ್, ಅದರ ನೆರಳಲ್ಲಿ ಸೈಕ್ಲೋಸ್ಪೋರಿನ್ ಶುರು, ಆಮೇಲೆ ಸ್ಟೆರಾಯ್ಡ್ ಇಳಿಸುವುದು. ನನಗೆ ಇದೇ ಸರಿ ಅನ್ನಿಸುತ್ತದೆ. ಸ್ಟೆರಾಯ್ಡ್ ಹಾಕಿದಾಗ ಹಾಯಾಗಿತ್ತು ಎಂದು ಉಳಿದ ಸೀಸೆಯನ್ನು ನೀವೇ ಮುಂದುವರಿಸುವುದು ಮಾತ್ರ ಅಪಾಯ. ಲೇಸರ್ ಆದವರಲ್ಲಿ ಈ ಅಪಾಯ ಸುಲಭಕ್ಕೆ ಕಣ್ಣಿಗೂ ಬೀಳುವುದಿಲ್ಲ. ಕಾರ್ನಿಯಾ ತೆಳುವಾಗಿರುವುದರಿಂದ ಒತ್ತಡ ಅಳೆಯುವ ಯಂತ್ರ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ.

ಸೀರಮ್ಮೋ, ಸ್ಕ್ಲೆರಲ್ ಲೆನ್ಸೋ

ಇಷ್ಟಕ್ಕೂ ಬಗ್ಗದ ನೋವಿಗೆ ಎರಡು ದೊಡ್ಡ ಆಯ್ಕೆಗಳಿವೆ. ಹೆಚ್ಚು ತಲೆ ಕೆಡಿಸಿಕೊಳ್ಳುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ.

ಸೀರಮ್ ಹನಿ ನಿಮ್ಮ ರಕ್ತದಿಂದಲೇ ಮಾಡುವುದು. ರಕ್ತ ತೆಗೆದು, ಹೆಪ್ಪುಗಟ್ಟಲು ಬಿಟ್ಟು, ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿಯನ್ನು ಸಲೈನ್‌ನಲ್ಲಿ ಬೆರೆಸುತ್ತಾರೆ. ಸಾಮಾನ್ಯವಾಗಿ ಶೇ. 20ರ ಹದಕ್ಕೆ. ಅದರಲ್ಲಿ ಮೇಲ್ಚರ್ಮ ಮತ್ತು ನರ ಬೆಳೆಯಲು ನೆರವಾಗುವ ಅಂಶಗಳಿವೆ, ವಿಟಮಿನ್ ಎ ಇದೆ. ಅಂಗಡಿಯ ಕೃತಕ ಕಣ್ಣೀರಿನಲ್ಲಿ ಇವು ಇರುವುದಿಲ್ಲ. ಆದರೆ ಸಂರಕ್ಷಕವೂ ಇಲ್ಲ. ಹಾಗಾಗಿ ಸೀಸೆಗಳನ್ನು ಫ್ರೀಜರಿನಲ್ಲಿಟ್ಟು, ಬಳಸುವುದನ್ನು ಫ್ರಿಜ್ಜಿನಲ್ಲಿಟ್ಟು, ಡಾಕ್ಟರು ಹೇಳಿದ ದಿನಕ್ಕೆ ಎಸೆಯಲೇಬೇಕು. ದಿನಕ್ಕೆ ಹಲವು ಸಲ ಹಾಕಬೇಕು, ತಿಂಗಳುಗಟ್ಟಲೆ. ಕೆಲಸಕ್ಕೆ ಹೋಗುವವರು ಐಸ್ ಪ್ಯಾಕ್ ಇಟ್ಟ ಪುಟ್ಟ ಚೀಲ ಹೊತ್ತುಕೊಂಡೇ ಓಡಾಡಬೇಕು.

ಸ್ಕ್ಲೆರಲ್ ಲೆನ್ಸ್ ಮಾಡುವುದು ಬೇರೆ ಕೆಲಸ. ಅದು ದೊಡ್ಡ ಗಟ್ಟಿ ಲೆನ್ಸ್. ಕಾರ್ನಿಯಾಗೆ ತಾಗದೆ ಬಿಳಿಗುಡ್ಡೆಯ ಮೇಲೆ ಕೂರುತ್ತದೆ. ನಡುವೆ ಸಲೈನ್ ತುಂಬಿರುತ್ತದೆ. ಗಾಳಿ, ರೆಪ್ಪೆಯ ಉಜ್ಜಾಟ ಎರಡೂ ನರಕ್ಕೆ ತಾಗುವುದಿಲ್ಲ. ಹಾಕುವುದನ್ನು ಮಾತ್ರ ಕಲಿಯಬೇಕು. ಲೆನ್ಸಿನ ಬಟ್ಟಲಿಗೆ ಸಂರಕ್ಷಕವಿಲ್ಲದ ಸಲೈನ್ ಅಂಚಿನವರೆಗೆ ತುಂಬಿಸಿ, ಮುಖವನ್ನು ನೆಲಕ್ಕೆ ಸಮನಾಗಿ ಬಗ್ಗಿಸಿ, ಎರಡೂ ರೆಪ್ಪೆ ಅಗಲಿಸಿ, ಕೆಳಗಿನಿಂದ ಮೇಲಕ್ಕೆ ಒತ್ತಬೇಕು. ನೀರು ತಾಗಿದ ಮೇಲೂ ನಿಲ್ಲಿಸಬಾರದು. ಬೆಚ್ಚಿ ಹಿಂದೆ ಸರಿದರೆ ಗಾಳಿಗುಳ್ಳೆ ಒಳಗೆ ಉಳಿಯುತ್ತದೆ. ಗುಳ್ಳೆ ಇದ್ದಲ್ಲಿ ಕಣ್ಣು ಒಣಗುತ್ತದೆ, ದೃಷ್ಟಿಯೂ ಮಂಜು. ತೆಗೆದು ಮತ್ತೆ ಮೊದಲಿಂದ. ತೆಗೆಯಲು ಪುಟ್ಟ ರಬ್ಬರ್ ಹೀರುಕ ಕೊಡುತ್ತಾರೆ. ಅದನ್ನು ಲೆನ್ಸಿನ ಮಧ್ಯಕ್ಕಲ್ಲ, ಅಂಚಿಗೆ ಹಚ್ಚಿ ಎತ್ತಬೇಕು. ನಲ್ಲಿ ನೀರು ಎಲ್ಲೂ ಬಳಸಬಾರದು, ಅದರಲ್ಲಿರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯ ಸೋಂಕು ತಗುಲೀತು.

ಎರಡರಲ್ಲಿ ಯಾವುದು? ಗಾಳಿ ತಾಗಿದರೇ ನೋವು, ಮರಗಟ್ಟಿಸುವ ಹನಿಗೆ ನೋವು ಹೋಗುತ್ತದೆ ಅನ್ನುವವರಿಗೆ ಎರಡೂ ಒಪ್ಪಬಹುದು. ಲೆನ್ಸಿನ ದೊಡ್ಡ ಅನುಕೂಲ ಅಂದರೆ ಉತ್ತರ ಬೇಗ ಸಿಗುತ್ತದೆ. ಕ್ಲಿನಿಕ್‌ನಲ್ಲಿ ಟ್ರಯಲ್ ಲೆನ್ಸ್ ಹಾಕಿಕೊಂಡು ಕೆಲವು ಗಂಟೆ ಕೂತರೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಆದರೆ ತೆಗೆದ ಮೇಲೆ ನೋವು ವಾಪಸ್. ಸೀರಮ್ ತಡವಾಗಿ ಫಲ ಕೊಡುತ್ತದೆ, ಆದರೆ ನರವನ್ನು ಸರಿಮಾಡುವ ಕಡೆ ಕೆಲಸ ಮಾಡುತ್ತದೆ. ಅತಿಯಾಗಿ ಕೆರಳಿದ ನರವಿದ್ದ ಕೆಲವರಿಗೆ ಲೆನ್ಸಿನ ಅಂಚು ತಾಗುವುದೇ ಆಗದು. ಅವರು ಸೀರಮ್‌ನಿಂದ ಶುರುಮಾಡಿ, ಕಣ್ಣು ಸ್ವಲ್ಪ ತಣ್ಣಗಾದ ಮೇಲೆ ಲೆನ್ಸ್ ನೋಡುವುದು ಒಳ್ಳೆಯದು. ಹನಿಯ ಪರೀಕ್ಷೆಯಲ್ಲಿ ನೋವು ಕದಲಲೇ ಇಲ್ಲವೆಂದರೆ ಇವೆರಡರಿಂದಲೂ ಜಾಸ್ತಿ ನಿರೀಕ್ಷೆ ಬೇಡ. ಮುಂದಿನ ಭಾಗ ಅವರಿಗೆ.

ಮಾತ್ರೆಗಳು

ಒಳಗಿನ ನರದ ನೋವಿಗೆ ಕೊಡುವ ಮಾತ್ರೆಗಳು ಕಣ್ಣಿಗೆಂದೇ ಹುಟ್ಟಿದವಲ್ಲ. ನಾರ್ಟ್ರಿಪ್ಟಿಲಿನ್, ಅಮಿಟ್ರಿಪ್ಟಿಲಿನ್ ಖಿನ್ನತೆಯ ಮದ್ದುಗಳು. ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಫಿಟ್ಸ್‌ಗೆ ಬಂದವು. ಡುಲೋಕ್ಸೆಟಿನ್ ಇನ್ನೊಂದು. ಕಡಿಮೆ ಪ್ರಮಾಣದ ನಾಲ್ಟ್ರೆಕ್ಸೋನ್ ಕೂಡ ಕೆಲವರು ಕೊಡುತ್ತಾರೆ. ಚೀಟಿಯಲ್ಲಿ ಖಿನ್ನತೆಯ ಮಾತ್ರೆ ನೋಡಿ ‘ನನಗೆ ತಲೆ ಕೆಟ್ಟಿದೆ ಅಂದುಕೊಂಡರಾ’ ಎಂದು ಬೇಸರ ಬೇಡ. ನೋವಿನ ಸುದ್ದಿ ತಗ್ಗಿಸಲೆಂದೇ ಕೊಡುವುದು, ಪ್ರಮಾಣವೂ ಸಾಮಾನ್ಯವಾಗಿ ಕಡಿಮೆ.

ಇಲ್ಲೊಂದು ಎಡವಟ್ಟಿದೆ. ಅಮಿಟ್ರಿಪ್ಟಿಲಿನ್ ಬಾಯನ್ನೂ ಕಣ್ಣನ್ನೂ ಒಣಗಿಸುತ್ತದೆ. ನಾರ್ಟ್ರಿಪ್ಟಿಲಿನ್ ಸ್ವಲ್ಪ ಕಡಿಮೆ. ಕಣ್ಣು ಒಣಗುವ ತೊಂದರೆಯೂ ಜೊತೆಗಿದ್ದರೆ ಗ್ಯಾಬಪೆಂಟಿನ್ ಗುಂಪನ್ನು ಮೊದಲು ಕೇಳಿನೋಡಬಹುದು. ಅದರಲ್ಲಿ ತೂಕಡಿಕೆ, ತಲೆಸುತ್ತು ಜಾಸ್ತಿ, ಶುರುವಿನಲ್ಲಿ ಗಾಡಿ ಓಡಿಸಬಾರದು. ಡುಲೋಕ್ಸೆಟಿನ್ ಹೊಟ್ಟೆ ತೊಳಸುತ್ತದೆ. ಯಾವುದೇ ಆಗಲಿ, ವಾರಗಳು ಕೊಟ್ಟು ನೋಡಬೇಕು. ಸಾಕು ಅನ್ನಿಸಿದರೆ ಒಮ್ಮೆಲೇ ನಿಲ್ಲಿಸದೆ ಡಾಕ್ಟರು ಹೇಳಿದಂತೆ ಇಳಿಸಬೇಕು. ಅಲರ್ಜಿಗೆ, ಮೊಡವೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳೂ ಕಣ್ಣು ಒಣಗಿಸುತ್ತವೆ. ಅವನ್ನೂ ಹೇಳಿ.

ಬೆಳಕು: ಕಪ್ಪು ಕನ್ನಡಕವೋ, ಗುಲಾಬಿ ಕನ್ನಡಕವೋ

ಬೆಳಕು ನೋಯಿಸಿದಾಗ ಕೈ ತಾನಾಗೇ ಕೂಲಿಂಗ್ ಗ್ಲಾಸಿಗೆ ಹೋಗುತ್ತದೆ. ಹೊರಗೆ ಅದು ಸರಿ. ಬದಿಯಿಂದಲೂ ಬೆಳಕು ನುಗ್ಗದಂತೆ ಸುತ್ತುವ ಫ್ರೇಮು, ರಸ್ತೆ ಮತ್ತು ನೀರಿನ ಪ್ರತಿಫಲನ ತಡೆಯುವ ಪೋಲರಾಯ್ಡ್ ಗಾಜು, ಜೊತೆಗೆ ಅಂಚಿರುವ ಟೋಪಿ. ಟೋಪಿಯನ್ನು ಕಡೆಗಣಿಸಬೇಡಿ, ಮೇಲಿನಿಂದ ಬೀಳುವ ಬೆಳಕನ್ನು ಅದರಷ್ಟು ಚೆನ್ನಾಗಿ ಯಾವ ಕನ್ನಡಕವೂ ತಡೆಯುವುದಿಲ್ಲ. ಬಿಸಿಲಿಗೆ ತಾನೇ ಕಪ್ಪಾಗುವ ಫೋಟೋಕ್ರೋಮಿಕ್ ಗಾಜು ಕಾರಿನೊಳಗೆ ಅಷ್ಟಾಗಿ ಕಪ್ಪಾಗುವುದಿಲ್ಲ. ಅದಕ್ಕೆ ಬೇಕಾದ ನೇರಳಾತೀತ ಕಿರಣವನ್ನು ಮುಂದಿನ ಗಾಜೇ ತಡೆಯುತ್ತದೆ.

ಮನೆಯೊಳಗೆ ಕಪ್ಪು ಕನ್ನಡಕ ಬೇರೆ ಕಥೆ. ದಿನವಿಡೀ ಹಾಕಿಕೊಂಡರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಆಮೇಲೆ ಸಾಧಾರಣ ದೀಪವೂ ಬಿಸಿಲಿನಂತೆ ಹೊಡೆಯುತ್ತದೆ. ಇನ್ನೂ ಕಪ್ಪು ಗಾಜು, ಇನ್ನೂ ಕತ್ತಲೆ ಕೋಣೆ, ಹೀಗೇ ಸುತ್ತು. ಒಳಗಿನ ಬಳಕೆಗೆ ಎಫ್‌ಎಲ್-41 ಎಂಬ ಗುಲಾಬಿ ಛಾಯೆಯ ಗಾಜು ಒಳ್ಳೆಯ ಆಯ್ಕೆ. ನಮ್ಮ ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ, ಮೆಲನೋಪ್ಸಿನ್ ಎಂಬ ವರ್ಣಕ ಇರುವ ವಿಶೇಷ ಕೋಶಗಳಿವೆ. ಬೆಳಕನ್ನು ನೋವಿನ ದಾರಿಗೆ ಜೋಡಿಸುವುದರಲ್ಲಿ ಅವುಗಳ ಪಾತ್ರವಿದೆ. 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಅವು ಹೆಚ್ಚು ಕೆರಳುತ್ತವೆ. ಈ ಛಾಯೆ ಆ ಭಾಗವನ್ನು ಕಡಿಮೆ ಮಾಡಿ ಉಳಿದ ಬೆಳಕನ್ನು ಬಿಡುತ್ತದೆ. ಮೈಗ್ರೇನ್‌ನವರಲ್ಲಿ ಇದರ ಬಳಕೆ ಮೊದಲಿಂದ ಇದೆ. ಬಣ್ಣಗಳು ಸ್ವಲ್ಪ ಬೇರೆಯಾಗಿ ಕಾಣುತ್ತವೆ, ಅಷ್ಟು ಸಹಿಸಬೇಕು.

ಇದನ್ನು ಮಾಮೂಲಿ ‘ಬ್ಲೂ ಕಟ್’ ಗಾಜಿನ ಜೊತೆ ಬೆರೆಸಬೇಡಿ. ಕಂಪ್ಯೂಟರಿಗೆಂದು ಮಾರುವ ಆ ಗಾಜುಗಳ ಬಗ್ಗೆ 2023ರಲ್ಲಿ ಕಾಕ್ರೇನ್ ಸಂಸ್ಥೆ 17 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿತು. ಕಣ್ಣಿನ ದಣಿವು ಕಡಿಮೆಯಾಗುತ್ತದೆ ಅನ್ನಲು ಆಧಾರ ಕಾಣಲಿಲ್ಲ. ಮೀನೆಣ್ಣೆಯ ಒಮೆಗಾ-3 ಕ್ಯಾಪ್ಸೂಲಿನದೂ ಹತ್ತಿರಹತ್ತಿರ ಇದೇ ಕಥೆ. 2018ರ ಡ್ರೀಮ್ ಅಧ್ಯಯನದಲ್ಲಿ ದಿನಕ್ಕೆ 3 ಗ್ರಾಂ ಒಂದು ವರ್ಷ ತೆಗೆದುಕೊಂಡವರಿಗೂ, ಆಲಿವ್ ಎಣ್ಣೆಯ ಕ್ಯಾಪ್ಸೂಲ್ ತೆಗೆದುಕೊಂಡವರಿಗೂ ಡ್ರೈ ಐ ವಿಷಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ.

ಕನ್ನಡಕಕ್ಕಿಂತ ಮೊದಲು ಕೋಣೆ ನೋಡಿ. ಬಲ್ಬು ಕಣ್ಣಿಗೆ ನೇರ ಕಾಣಬಾರದು. ದೀಪವನ್ನು ಗೋಡೆಗೆ ತಿರುಗಿಸಿದರೆ ಅಷ್ಟೇ ಬೆಳಕು ಮೆತ್ತಗಾಗುತ್ತದೆ. ಕಿಟಕಿಗೆ ಎದುರಾಗಿ ಕೂರಬೇಡಿ, ಬೆನ್ನು ಕೊಟ್ಟರೆ ಸ್ಕ್ರೀನಿನಲ್ಲಿ ಹೊಳಪು, ಅಡ್ಡಲಾಗಿ ಕೂತರೆ ಸರಿ. ಮಿನುಗುವ ಹಳೇ ಟ್ಯೂಬ್‌ಲೈಟ್ ಇದ್ದರೆ ಬದಲಿಸಿ. ಸ್ಕ್ರೀನಿನ ಬೆಳಕು ಕೋಣೆಯ ಬೆಳಕಿಗೆ ಹೊಂದಬೇಕು. ಕತ್ತಲೆಯಲ್ಲಿ ಫೋನ್ ಹಿಡಿದರೆ ಎಷ್ಟು ಮಂದ ಮಾಡಿದರೂ ಚುಚ್ಚುತ್ತದೆ. ಮಾನಿಟರನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಟ್ಟರೆ ರೆಪ್ಪೆ ಅರ್ಧ ಇಳಿದಿರುತ್ತದೆ, ಕಣ್ಣೀರು ಆರುವುದು ಕಡಿಮೆ. ಸ್ಕ್ರೀನ್ ಮುಂದೆ ನಾವು ರೆಪ್ಪೆ ಬಡಿಯುವುದೂ ಕಮ್ಮಿ, ಬಡಿದರೂ ಅರ್ಧಕ್ಕೇ. ನೆನಪಾದಾಗೆಲ್ಲ ಕಣ್ಣು ಪೂರ್ತಿ ಮುಚ್ಚಿ ತೆರೆಯಿರಿ.

ಒಳಗೆ ಕಪ್ಪು ಕನ್ನಡಕ ಈಗಾಗಲೇ ರೂಢಿಯಾಗಿದ್ದರೆ ಒಮ್ಮೆಗೇ ಕಿತ್ತೆಸೆಯಬೇಡಿ. ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು, ಸಂಜೆಯ ಮೆತ್ತಗಿನ ಬೆಳಕಿನಿಂದ ಶುರುಮಾಡಿ.

ಇನ್ನೊಂದು ಲೇಸರ್?

‘ಸ್ವಲ್ಪ ಪವರ್ ಉಳಿದಿದೆ, ಇನ್ನೊಮ್ಮೆ ಮಾಡೋಣ’ ಎಂದು ಹೇಳಿದರೆ ನೋವಿರುವ ಕಣ್ಣಿಗೆ ನನ್ನ ಉತ್ತರ ಬೇಡ ಎಂದೇ. ನರದ ನೋವಿಗೆ ಅದು ಮದ್ದಲ್ಲ. ಮಾಯುತ್ತಿರುವ ನರ ಮತ್ತೆ ಪೆಟ್ಟು ತಿನ್ನುತ್ತದೆ. ಉಳಿದ ಪವರಿಗೆ ಕನ್ನಡಕ ಹಾಕಿ ನೋಡಿ.

ಯಾರ ಹತ್ತಿರ ಹೋಗುವುದು?

ಆಪರೇಷನ್ ಮಾಡಿದವರ ಹತ್ತಿರ ನಿಮ್ಮ ಹಳೆಯ ದಾಖಲೆ ಇರುತ್ತದೆ, ಅದು ಅವರ ಅನುಕೂಲ. ಆದರೆ ಆರು ತಿಂಗಳಾದರೂ ‘ಡ್ರಾಪ್ಸ್ ಹಾಕ್ತಾ ಇರಿ’ ಅನ್ನುವುದೇ ಮಾತಾದರೆ ಕಾರ್ನಿಯಾ ತಜ್ಞರನ್ನು ನೋಡಿ. ಸೀರಮ್, ಸ್ಕ್ಲೆರಲ್ ಲೆನ್ಸ್ ಅವರ ಕೈಯಲ್ಲಿ ಸಿಗುವಂಥವು. ಹನಿಯ ಪರೀಕ್ಷೆಯಲ್ಲಿ ನೋವು ಉಳಿದಿದ್ದರೆ, ಮೈಗ್ರೇನ್ ಇದ್ದರೆ, ನರತಜ್ಞರು ಇಲ್ಲವೇ ನೋವಿನ ಚಿಕಿತ್ಸೆಯ ತಜ್ಞರು ಬೇಕು. ಒಬ್ಬರನ್ನು ಬಿಟ್ಟು ಇನ್ನೊಬ್ಬರು ಅಂತಲ್ಲ. ಇಬ್ಬರೂ ಒಬ್ಬರ ಚೀಟಿ ಇನ್ನೊಬ್ಬರು ನೋಡಿದರೆ ಒಳ್ಳೆಯದು.

ಮನಸ್ಸಿನ ಡಾಕ್ಟರ ಮಾತನ್ನೂ ಇಲ್ಲೇ ಹೇಳಬೇಕು. ವರ್ಷಗಟ್ಟಲೆ ಕಣ್ಣು ನೋಯ್ದರೆ ನಿದ್ದೆ ಹೋಗುತ್ತದೆ, ಜನರ ಜೊತೆ ಸೇರುವುದು ನಿಲ್ಲುತ್ತದೆ. ನಿದ್ದೆ ಕೆಟ್ಟ ಮಾರನೇ ದಿನ ನೋವು ಇನ್ನೂ ಚುರುಕು. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ದೀರ್ಘಕಾಲದ ನೋವು ಇರುವವರಿಗೆ ಅದರ ಜೊತೆ ಬದುಕಲು ನೆರವಾಗುತ್ತದೆ. ಬದುಕುವುದೇ ಬೇಡ ಅನ್ನೋ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಅವತ್ತೇ ಹತ್ತಿರದವರಿಗೆ ಹೇಳಿ, ಸಹಾಯವಾಣಿಗೆ ಕರೆ ಮಾಡಿ, ಇಲ್ಲವೇ ತುರ್ತು ಚಿಕಿತ್ಸೆಗೆ ಹೋಗಿ. ಇಂಥ ನೋವಿನಲ್ಲಿ ಆ ಯೋಚನೆ ಬರುವುದು ಅಪರೂಪವೇನಲ್ಲ, ಅದಕ್ಕೂ ಚಿಕಿತ್ಸೆ ಇದೆ.

ಯಾರ ಹತ್ತಿರ ಹೋದರೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ಹೊತ್ತಿಗೆ ನೋವು, ಏನು ಮಾಡಿದರೆ ಜಾಸ್ತಿ, ಈವರೆಗೆ ಯಾವ ಮದ್ದು ಎಷ್ಟು ದಿನ, ಏನಾಯಿತು. ಒಂದು ಸಲಕ್ಕೆ ಒಂದೇ ಹೊಸ ಮದ್ದು ಶುರುಮಾಡಿದ್ದರೆ ಮಾತ್ರ ಈ ಹಾಳೆಗೆ ಬೆಲೆ. ಮೂರನ್ನು ಒಟ್ಟಿಗೆ ಶುರುಮಾಡಿದರೆ ಯಾವುದು ಕೆಲಸ ಮಾಡಿತು ಎಂದು ಯಾರೂ ಹೇಳಲಾರರು. ಆಪರೇಷನ್ನಿಗೆ ಮುಂಚಿನ ಪವರ್, ಕಾರ್ನಿಯಾದ ಬಾಗು, ಅದರ ದಪ್ಪ ಬರೆದ ಹಳೆಯ ಕಾಗದಗಳನ್ನು ಕೇಳಿ ಪಡೆದು ಪ್ರತಿ ಇಟ್ಟುಕೊಳ್ಳಿ. ಕಣ್ಣಿನ ಒತ್ತಡ ಅಳೆಯುವವರಿಗೆ ಲೇಸರ್ ಆಗಿದೆ ಎಂದು ಮೊದಲೇ ಹೇಳಿ. ವಯಸ್ಸಾದ ಮೇಲೆ ಪೊರೆ ಆಪರೇಷನ್ ಬಂದರೆ ಒಳಗೆ ಹಾಕುವ ಲೆನ್ಸಿನ ಪವರ್ ಲೆಕ್ಕಹಾಕಲೂ ಇದೇ ಕಾಗದಗಳು ಉಪಯೋಗಕ್ಕೆ ಬರುತ್ತವೆ.